ರೂಟರ್ ಆಧಾರಿತ ಕಚೇರಿ ವಾಯ್ಸ್‌ಮೇಲ್ ವ್ಯವಸ್ಥೆ: ಸ್ಥಾಪನೆ ಮತ್ತು ನಿರ್ವಹಣೆ

1. ಪೀಠಿಕೆ

ಕಚೇರಿಗೆ ದೂರವಾಣಿ ಕರೆ ಮಾಡಿದವರಿಗೆ ಸಂಬಂಧಪಟ್ಟ ನೌಕರರು ದೊರೆಯದಿದ್ದಾಗ ಅವರ ಮಾತನ್ನು ಧ್ವನಿಮುದ್ರಿಸಿಕೊಂಡು, ಆ ನೌಕರರಿಗೆ ಅನಂತರ ಕೇಳಿಸುವ ಏರ್ಪಾಡಿಗೆ ವಾಯ್ಸ್‌ಮೇಲ್ ಅಥವಾ ಧ್ವನಿ ಅಂಚೆ ಎಂದು ಹೆಸರು. ಹಿಂದೆ ಇದಕ್ಕಾಗಿ ಪ್ರತ್ಯೇಕ ಯಂತ್ರ ಅಥವಾ ಸರ್ವರ್ ಅಗತ್ಯವಾಗಿತ್ತು. 2000ರ ದಶಕದಿಂದ ಈಚೆಗೆ, ಕಚೇರಿಯ ಗಣಕಗಳನ್ನು ಹೊರಜಾಲಕ್ಕೆ ಜೋಡಿಸುವ ರೂಟರ್‌ನ ಒಳಗೇ ಈ ಸೌಲಭ್ಯವನ್ನು ಅಳವಡಿಸುವ ಪದ್ಧತಿ ಬಂದಿತು. ಸಣ್ಣ ಉದ್ದಿಮೆಗಳು, ಶಾಖಾ ಕಚೇರಿಗಳು, ಆಸ್ಪತ್ರೆಗಳು ಮತ್ತು ವಿದ್ಯಾಸಂಸ್ಥೆಗಳು ಈ ವಿಧಾನವನ್ನು ಬಳಸಿಕೊಂಡಿವೆ.

ಕರೆ ಮಾಡಿದವರು ಸಂದೇಶ ಬಿಟ್ಟ ಕ್ಷಣದಿಂದ ಅದು ತಲುಪಿತೆಂದೇ ತಿಳಿಯುತ್ತಾರೆ. ಸಂದೇಶವು ಕಾರಣಾಂತರದಿಂದ ನಷ್ಟವಾದರೆ ಅದು ಕರೆ ಮಾಡಿದವರಿಗೂ ತಿಳಿಯುವುದಿಲ್ಲ, ಕಚೇರಿಗೂ ತಿಳಿಯುವುದಿಲ್ಲ. ದೂರವಾಣಿ ಕೆಟ್ಟರೆ ಕೂಡಲೇ ದೂರು ಬರುತ್ತದೆ. ವಾಯ್ಸ್‌ಮೇಲ್ ಕೆಟ್ಟರೆ ದೂರು ಕೊಡಲು ಯಾರೂ ಇರುವುದಿಲ್ಲ. ಆದುದರಿಂದ ಈ ವ್ಯವಸ್ಥೆಯಲ್ಲಿ ಸ್ಥಾಪನೆಗಿಂತಲೂ ನಿಯತವಾದ ನಿರ್ವಹಣೆ ಹೆಚ್ಚು ಮಹತ್ವದ್ದಾಗಿದೆ. ಈ ಲೇಖನದಲ್ಲಿ ಸಿಸ್ಕೋ ಯೂನಿಟಿ ಎಕ್ಸ್‌ಪ್ರೆಸ್ ಎಂಬ ವ್ಯವಸ್ಥೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಸ್ಥಾಪನೆಯ ಹಂತಗಳನ್ನೂ ನಿರ್ವಾಹಕರ ಕರ್ತವ್ಯಗಳನ್ನೂ ವಿವರಿಸಲಾಗಿದೆ.

2. ಹಿನ್ನೆಲೆ

ವಾಣಿಜ್ಯ ಬಳಕೆಯ ವಾಯ್ಸ್‌ಮೇಲ್ ರೂಪುಗೊಂಡದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಟೆಕ್ಸಾಸ್ ರಾಜ್ಯದ ಗಾರ್ಡನ್ ಮ್ಯಾಥ್ಯೂಸ್ ಅವರು ವಿಎಂಎಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಈ ತಂತ್ರಕ್ಕೆ 1979ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. 1983ರ ಫೆಬ್ರವರಿಯಲ್ಲಿ ಪೇಟೆಂಟ್ ಮಂಜೂರಾಯಿತು. 3ಎಂ ಸಂಸ್ಥೆಯು ಅವರ ಮೊದಲ ಗ್ರಾಹಕರಲ್ಲೊಂದು. ಅಂದಿನ ಯಂತ್ರಗಳು ಗಾತ್ರದಲ್ಲಿ ದೊಡ್ಡವು, ಬೆಲೆಯಲ್ಲಿ ದುಬಾರಿ. ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುವಂತಿದ್ದವು.

ಧ್ವನಿಯನ್ನು ಐಪಿ ಜಾಲದ ಮೂಲಕ ಸಾಗಿಸುವ ತಂತ್ರಜ್ಞಾನ ಬಳಕೆಗೆ ಬಂದ ಮೇಲೆ, ದೂರವಾಣಿ ವಿನಿಮಯ ಕೇಂದ್ರದ ಕೆಲಸವನ್ನೇ ರೂಟರ್ ಮಾಡುವಂತಾಯಿತು. ಸಿಸ್ಕೋ ಸಂಸ್ಥೆಯ ಕಾಲ್ ಮ್ಯಾನೇಜರ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶವು ರೂಟರ್‌ನಲ್ಲಿಯೇ ಐಪಿ ದೂರವಾಣಿಗಳನ್ನು ನಿಯಂತ್ರಿಸುತ್ತದೆ. ಅದಕ್ಕೆ ಜೊತೆಯಾಗಿ ಬಂದ ಯೂನಿಟಿ ಎಕ್ಸ್‌ಪ್ರೆಸ್ ವಾಯ್ಸ್‌ಮೇಲ್ ಕೆಲಸವನ್ನು ನೋಡಿಕೊಳ್ಳುತ್ತದೆ. ಇದು ರೂಟರ್‌ನೊಳಗೆ ಕೂರುವ ಒಂದು ಸಣ್ಣ ಗಣಕ. ಇದಕ್ಕೆ ತನ್ನದೇ ಆದ ಸಂಸ್ಕಾರಕ, ಸ್ಮೃತಿ, ಸಂಗ್ರಹ ಸಾಧನ ಮತ್ತು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಇವೆ. ರೂಟರ್‌ನಿಂದ ಇದು ಪಡೆಯುವುದು ವಿದ್ಯುತ್ತನ್ನು ಮತ್ತು ಜಾಲ ಸಂಪರ್ಕವನ್ನು ಮಾತ್ರ.

3. ಕರೆಯು ಸಾಗುವ ಹಾದಿ

ನಿರ್ವಾಹಕರು ಮೊದಲು ಕರೆಯ ಹಾದಿಯನ್ನು ಅರಿತಿರಬೇಕು. ದೋಷಗಳು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಈ ಹಾದಿಯ ಯಾವುದಾದರೊಂದು ತಿರುವಿನಲ್ಲಿ.

(ಅ) ಹೊರಗಿನಿಂದ ಅಥವಾ ಒಳಗಿನಿಂದ ಬಂದ ಕರೆಯು ನೌಕರರ ಎಕ್ಸ್‌ಟೆನ್ಷನ್ ಸಂಖ್ಯೆಯಲ್ಲಿ, ಉದಾಹರಣೆಗೆ 1005ರಲ್ಲಿ, ರಿಂಗಾಗುತ್ತದೆ.

(ಆ) ನಿಗದಿತ ಸೆಕೆಂಡುಗಳೊಳಗೆ ಯಾರೂ ಎತ್ತದಿದ್ದರೆ, ಅಥವಾ ಆ ದೂರವಾಣಿಯಲ್ಲಿ ಬೇರೆ ಮಾತುಕತೆ ನಡೆಯುತ್ತಿದ್ದರೆ, ರೂಟರ್ ಆ ಕರೆಯನ್ನು ವಾಯ್ಸ್‌ಮೇಲ್ ಸಂಖ್ಯೆಗೆ, ಉದಾಹರಣೆಗೆ 6000ಕ್ಕೆ, ತಿರುಗಿಸುತ್ತದೆ.

(ಇ) ಆ ಸಂಖ್ಯೆ ಎಲ್ಲಿದೆಯೆಂದು ತಿಳಿಸುವ ಡಯಲ್ ಪೀರ್ ಎಂಬ ನಿಯಮದ ಪ್ರಕಾರ ಕರೆಯು ಸಿಪ್ ವಿಧಿಯ ಮೂಲಕ ಮಾಡ್ಯೂಲ್‌ಗೆ ತಲುಪುತ್ತದೆ.

(ಈ) ಕರೆಯು ಮೂಲತಃ ಯಾವ ಸಂಖ್ಯೆಗೆ ಬಂದಿತ್ತೆಂಬ ವಿವರವನ್ನು ಮಾಡ್ಯೂಲ್ ಓದಿಕೊಂಡು, ಆ ಸಂಖ್ಯೆಯ ಸಂದೇಶ ಪೆಟ್ಟಿಗೆಯನ್ನು ತೆರೆಯುತ್ತದೆ. ಅದರ ಸ್ವಾಗತ ನುಡಿಯನ್ನು ಕೇಳಿಸಿ ಸಂದೇಶವನ್ನು ಮುದ್ರಿಸಿಕೊಳ್ಳುತ್ತದೆ.

(ಉ) ಅನಂತರ ಆ ನೌಕರರ ದೂರವಾಣಿಯ ಸೂಚಕ ದೀಪ ಬೆಳಗುತ್ತದೆ. ಸಂದೇಶವನ್ನು ಕೇಳಿದ ಮೇಲೆ ದೀಪ ಆರುತ್ತದೆ.

4. ಸ್ಥಾಪನೆಗೆ ಮುನ್ನ ಮಾಡಬೇಕಾದ ಲೆಕ್ಕಾಚಾರ

4.1 ಸಂಗ್ರಹ ಸಾಮರ್ಥ್ಯ. ಈ ವ್ಯವಸ್ಥೆಯು ಧ್ವನಿಯನ್ನು ಜಿ.711 ಎಂಬ ಸಂಕೇತ ಪದ್ಧತಿಯಲ್ಲಿ ಸಂಗ್ರಹಿಸುತ್ತದೆ. ಇದರಲ್ಲಿ ಸೆಕೆಂಡಿಗೆ 8,000 ಮಾದರಿಗಳನ್ನು ತಲಾ 8 ಬಿಟ್‌ಗಳಲ್ಲಿ ದಾಖಲಿಸಲಾಗುತ್ತದೆ. ಅಂದರೆ ಸೆಕೆಂಡಿಗೆ 64,000 ಬಿಟ್. ಒಂದು ನಿಮಿಷಕ್ಕೆ 4,80,000 ಬೈಟ್, ಸುಮಾರು ಅರ್ಧ ಮೆಗಾಬೈಟ್. ಒಂದು ಗಂಟೆಗೆ 28.8 ಮೆಗಾಬೈಟ್.

40 ನೌಕರರಿರುವ ಕಚೇರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಲಾ 10 ನಿಮಿಷದಂತೆ ವೈಯಕ್ತಿಕ ಪೆಟ್ಟಿಗೆಗಳಿಗೆ 400 ನಿಮಿಷ, ಮೂರು ಶಾಖೆಗಳ ಸಾಮಾನ್ಯ ಪೆಟ್ಟಿಗೆಗಳಿಗೆ ತಲಾ 30 ನಿಮಿಷದಂತೆ 90 ನಿಮಿಷ, ಒಟ್ಟು 490 ನಿಮಿಷ. ಇದು 8 ಗಂಟೆ 10 ನಿಮಿಷವಾಗುತ್ತದೆ. ಬೇಕಾಗುವ ಜಾಗ ಸುಮಾರು 235 ಮೆಗಾಬೈಟ್. 1 ಗಿಗಾಬೈಟ್ ಕಾಂಪ್ಯಾಕ್ಟ್ ಫ್ಲ್ಯಾಷ್ ಇರುವ ಚಿಕ್ಕ ಮಾಡ್ಯೂಲ್‌ನಲ್ಲಿ 14 ಗಂಟೆಗಳಷ್ಟು, ಹಾರ್ಡ್ ಡಿಸ್ಕ್ ಇರುವ ದೊಡ್ಡ ಮಾಡ್ಯೂಲ್‌ನಲ್ಲಿ 100 ಗಂಟೆಗಳಷ್ಟು ಸಂದೇಶಗಳಿಗೆ ಅವಕಾಶವಿತ್ತು. ಆದುದರಿಂದ ಇಂತಹ ಕಚೇರಿಗೆ ಚಿಕ್ಕ ಮಾಡ್ಯೂಲ್ ಸಾಲುತ್ತದೆ. ಫ್ಲ್ಯಾಷ್ ಸಾಧನದ ಮೇಲೆ ಎಷ್ಟು ಬಾರಿ ಬರೆಯಬಹುದೆಂಬುದಕ್ಕೆ ಮಿತಿ ಇದೆ ಎಂಬುದನ್ನೂ ಗಮನದಲ್ಲಿಡಬೇಕು. ದಿನವಿಡೀ ಎಡೆಬಿಡದೆ ಸಂದೇಶಗಳು ಬರುವ ಕಚೇರಿಗೆ ಹಾರ್ಡ್ ಡಿಸ್ಕ್ ಇರುವ ಮಾಡ್ಯೂಲ್ ಸೂಕ್ತ.

4.2 ಏಕಕಾಲದ ಕರೆಗಳು. ಸಂದೇಶ ಬಿಡುವವರು, ಸಂದೇಶ ಕೇಳುವ ನೌಕರರು ಮತ್ತು ಸ್ವಯಂಚಾಲಿತ ಸ್ವಾಗತದಲ್ಲಿ ಇರುವವರು, ಈ ಮೂವರೂ ಒಂದೇ ಗುಂಪಿನ ಮಾರ್ಗಗಳನ್ನು ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ನೌಕರರೆಲ್ಲರೂ ಸಂದೇಶ ಕೇಳಲು ತೊಡಗಿದರೆ ಹೊರಗಿನವರಿಗೆ ಮಾರ್ಗ ಸಿಗದಿರಬಹುದು. ಸ್ವಯಂಚಾಲಿತ ಸ್ವಾಗತಕ್ಕೂ ವಾಯ್ಸ್‌ಮೇಲ್‌ಗೂ ಗರಿಷ್ಠ ಎಷ್ಟು ಮಾರ್ಗಗಳೆಂದು ಪ್ರತ್ಯೇಕವಾಗಿ ನಿಗದಿಪಡಿಸುವ ಅವಕಾಶವಿದ್ದು, ಅದನ್ನು ಬಳಸಿಕೊಳ್ಳುವುದು ಒಳ್ಳೆಯದು.

4.3 ಸಂಖ್ಯಾ ಯೋಜನೆ. ವಾಯ್ಸ್‌ಮೇಲ್, ಸ್ವಯಂಚಾಲಿತ ಸ್ವಾಗತ ಮತ್ತು ದೂರವಾಣಿಯ ಮೂಲಕ ನಿರ್ವಹಣೆ, ಇವುಗಳಿಗೆ ಪ್ರತ್ಯೇಕ ಸಂಖ್ಯೆಗಳು ಬೇಕು. ಉದಾಹರಣೆಗೆ 6000, 6100 ಮತ್ತು 6200. ಹೀಗೆ 6ರಿಂದ ಆರಂಭವಾಗುವ ಸರಣಿಯನ್ನು ಮಾಡ್ಯೂಲ್‌ಗೆ ಮೀಸಲಿಟ್ಟ ಮೇಲೆ ಯಾವ ನೌಕರರಿಗೂ 6ರಿಂದ ಆರಂಭವಾಗುವ ಎಕ್ಸ್‌ಟೆನ್ಷನ್ ಕೊಡಬಾರದು. ಸೂಚಕ ದೀಪಕ್ಕೆ ಇನ್ನೆರಡು ಸಂಖ್ಯೆಗಳು ಬೇಕಾಗುತ್ತವೆ. ಈ ಯೋಜನೆಯನ್ನು ಕಾಗದದ ಮೇಲೆ ಬರೆದು, ಅನುಮೋದನೆ ಪಡೆದು, ಕಡತದಲ್ಲಿ ಇರಿಸತಕ್ಕದ್ದು.

5. ಸ್ಥಾಪನೆಯ ಹಂತಗಳು

5.1 ಮಾಡ್ಯೂಲ್ ಅಳವಡಿಕೆ. ರೂಟರ್‌ನ ವಿದ್ಯುತ್ ಸಂಪರ್ಕವನ್ನು ತೆಗೆದು, ಸ್ಥಿರ ವಿದ್ಯುತ್ತಿನಿಂದ ರಕ್ಷಣೆ ನೀಡುವ ಪಟ್ಟಿಯನ್ನು ಕೈಗೆ ಕಟ್ಟಿಕೊಂಡು ಮಾಡ್ಯೂಲನ್ನು ಕೂರಿಸಬೇಕು. ರೂಟರ್ ಮತ್ತು ಮಾಡ್ಯೂಲ್ ಎರಡಕ್ಕೂ ಯುಪಿಎಸ್ ವಿದ್ಯುತ್ ಇರುವುದು ಅವಶ್ಯ.

5.2 ಐಪಿ ವಿಳಾಸ. ಮಾಡ್ಯೂಲ್‌ಗೆ ರೂಟರ್‌ನಲ್ಲಿ ಸರ್ವಿಸ್ ಎಂಜಿನ್ ಎಂಬ ಸಂಪರ್ಕದ್ವಾರ ಕಾಣಿಸಿಕೊಳ್ಳುತ್ತದೆ. ರೂಟರ್‌ನ ಯಾವುದಾದರೊಂದು ಸಂಪರ್ಕದ್ವಾರದ ವಿಳಾಸವನ್ನೇ ಇದಕ್ಕೂ ಎರವಲು ಕೊಟ್ಟು, ಮಾಡ್ಯೂಲ್‌ಗೆ ಅದೇ ಉಪಜಾಲದ ಮತ್ತೊಂದು ವಿಳಾಸವನ್ನು ನೀಡಲಾಗುತ್ತದೆ. ಉದಾಹರಣೆಗೆ ರೂಟರ್ 10.1.1.1 ಆದರೆ ಮಾಡ್ಯೂಲ್ 10.1.1.2. ಈ ಒಂದು ವಿಳಾಸಕ್ಕೆ ಹೋಗುವ ದತ್ತಾಂಶವನ್ನು ಸರ್ವಿಸ್ ಎಂಜಿನ್ ಕಡೆಗೆ ಕಳುಹಿಸುವಂತೆ ಪ್ರತ್ಯೇಕ ಮಾರ್ಗವನ್ನು ನಮೂದಿಸಬೇಕು. ಈ ಮಾರ್ಗವನ್ನು ಮರೆತರೆ ಮಾಡ್ಯೂಲ್ ಚಾಲನೆಯಲ್ಲಿದ್ದರೂ ಅದನ್ನು ತಲುಪಲಾಗುವುದಿಲ್ಲ.

5.3 ಮೊದಲ ಚಾಲನೆ. ರೂಟರ್‌ನಿಂದ ಮಾಡ್ಯೂಲ್‌ನೊಳಗೆ ಪ್ರವೇಶಿಸಿದಾಗ ಅದು ಹೆಸರು, ಡೊಮೇನ್, ಸಮಯ ಸರ್ವರ್, ಸಮಯ ವಲಯ ಮತ್ತು ನಿರ್ವಾಹಕರ ಗುರುತು ಹಾಗೂ ಪಾಸ್‌ವರ್ಡ್ ಕೇಳುತ್ತದೆ. ಭಾರತದಲ್ಲಿ ಏಷ್ಯಾ ವಿಭಾಗದ ಕೋಲ್ಕತ್ತ ವಲಯವನ್ನು ಆರಿಸಬೇಕು. ಸಮಯ ತಪ್ಪಾಗಿದ್ದರೆ ಸಂದೇಶ ಬಂದ ದಿನಾಂಕ ಮತ್ತು ವೇಳೆಯೂ ತಪ್ಪಾಗಿ ದಾಖಲಾಗುತ್ತವೆ. ಟೆಂಡರ್, ದೂರು ಅಥವಾ ತುರ್ತು ಸೂಚನೆಯ ವಿಷಯದಲ್ಲಿ ಇದರಿಂದ ವಿವಾದ ಉಂಟಾಗಬಹುದು.

5.4 ಡಯಲ್ ಪೀರ್. 6ರಿಂದ ಆರಂಭವಾಗುವ ನಾಲ್ಕು ಅಂಕಿಗಳ ಕರೆಗಳು ಮಾಡ್ಯೂಲ್‌ನ ವಿಳಾಸಕ್ಕೆ ಹೋಗುವಂತೆ ನಿಯಮ ರಚಿಸಬೇಕು. ಇದರಲ್ಲಿ ನಾಲ್ಕು ಅಂಶಗಳು ಕಡ್ಡಾಯ: ಸಂಪರ್ಕ ವಿಧಿ ಸಿಪ್ ಎರಡನೇ ಆವೃತ್ತಿ, ಧ್ವನಿ ಸಂಕೇತ ಜಿ.711 ಮ್ಯೂ ಲಾ. ಒತ್ತಿದ ಅಂಕಿಗಳನ್ನು ಸಿಪ್ ಸೂಚನೆಯ ರೂಪದಲ್ಲಿ ಸಾಗಿಸುವುದು. ಮತ್ತು ಮೌನದ ವೇಳೆ ದತ್ತಾಂಶ ನಿಲ್ಲಿಸುವ ಸೌಲಭ್ಯವನ್ನು ರದ್ದುಪಡಿಸುವುದು.

ಭಾರತದ ಸಾರ್ವಜನಿಕ ದೂರವಾಣಿ ಜಾಲದಲ್ಲಿ ಎ ಲಾ ಪದ್ಧತಿ ಬಳಕೆಯಲ್ಲಿದೆ. ರೂಟರ್‌ಗೆ ನೇರವಾಗಿ ಜೋಡಿಸಿದ ಮಾರ್ಗಗಳಿಂದ ಬರುವ ಕರೆಗಳನ್ನು ರೂಟರ್‌ನ ಧ್ವನಿ ಸಂಸ್ಕಾರಕವೇ ಮ್ಯೂ ಲಾಗೆ ಬದಲಿಸುತ್ತದೆ. ಆದರೆ ಬೇರೆ ಊರಿನ ಶಾಖೆಯಿಂದ ಜಿ.729 ಪದ್ಧತಿಯಲ್ಲಿ ಸಂಕುಚಿತಗೊಂಡು ಬರುವ ಕರೆಗೆ ಪರಿವರ್ತಕ ಸೌಲಭ್ಯವನ್ನು ಪ್ರತ್ಯೇಕವಾಗಿ ಒದಗಿಸಬೇಕು. ಇಲ್ಲದಿದ್ದಲ್ಲಿ ಕರೆ ತುಂಡಾಗುತ್ತದೆ.

5.5 ಕರೆ ತಿರುಗಿಸುವಿಕೆ. ಪ್ರತಿ ಎಕ್ಸ್‌ಟೆನ್ಷನ್‌ಗೂ ಉತ್ತರವಿಲ್ಲದಾಗ ಮತ್ತು ಕಾರ್ಯನಿರತವಾಗಿದ್ದಾಗ 6000ಕ್ಕೆ ತಿರುಗಿಸುವಂತೆ ನಮೂದಿಸಬೇಕು. ಕಾಯುವ ಅವಧಿ ತೀರಾ ಕಡಿಮೆಯಾದರೆ ನೌಕರರು ಎತ್ತುವ ಮೊದಲೇ ಕರೆ ಹೋಗಿಬಿಡುತ್ತದೆ. ಹೆಚ್ಚಾದರೆ ಕರೆ ಮಾಡಿದವರು ಬೇಸತ್ತು ಇಟ್ಟುಬಿಡುತ್ತಾರೆ. 15ರಿಂದ 20 ಸೆಕೆಂಡುಗಳ ಅವಧಿಯಿಂದ ಆರಂಭಿಸಿ, ಅನುಭವಕ್ಕೆ ತಕ್ಕಂತೆ ಬದಲಿಸಬಹುದು.

5.6 ಸೂಚಕ ದೀಪ. ದೀಪ ಬೆಳಗಿಸಲು ಒಂದು, ಆರಿಸಲು ಇನ್ನೊಂದು, ಹೀಗೆ ಎರಡು ವಿಶೇಷ ಸಂಖ್ಯೆಗಳನ್ನು ರೂಟರ್‌ನಲ್ಲಿ ರಚಿಸಬೇಕು. ಉದಾಹರಣೆಗೆ 8000 ಮತ್ತು 8001. ಮಾಡ್ಯೂಲ್ ಈ ಸಂಖ್ಯೆಯ ಹಿಂದೆ ಎಕ್ಸ್‌ಟೆನ್ಷನ್ ಸೇರಿಸಿ ಕರೆ ಮಾಡುತ್ತದೆ. 80001005 ಎಂದರೆ 1005ರ ದೀಪವನ್ನು ಬೆಳಗಿಸು ಎಂದರ್ಥ. ಆದುದರಿಂದ ಈ ಸಂಖ್ಯೆಗಳ ಮುಂದೆ ಎಕ್ಸ್‌ಟೆನ್ಷನ್‌ನಲ್ಲಿ ಎಷ್ಟು ಅಂಕಿಗಳಿವೆಯೋ ಅಷ್ಟೇ ಚುಕ್ಕಿಗಳನ್ನು ಇಡಬೇಕು. ಒಂದು ಚುಕ್ಕಿ ತಪ್ಪಿದರೂ ದೀಪ ಬೆಳಗುವುದಿಲ್ಲ. ದೀಪ ಬೆಳಗದಿದ್ದರೆ ಸಂದೇಶ ಬಂದಿರುವುದೇ ನೌಕರರಿಗೆ ತಿಳಿಯುವುದಿಲ್ಲ.

5.7 ಉಳಿಸುವಿಕೆ. ರೂಟರ್‌ನ ಸಂರಚನೆ ಬೇರೆ, ಮಾಡ್ಯೂಲ್‌ನ ಸಂರಚನೆ ಬೇರೆ. ಒಂದನ್ನು ಉಳಿಸಿದರೆ ಇನ್ನೊಂದು ಉಳಿಯುವುದಿಲ್ಲ. ಎರಡೂ ಕಡೆ ಪ್ರತ್ಯೇಕವಾಗಿ ಉಳಿಸುವ ಆದೇಶವನ್ನು ನೀಡತಕ್ಕದ್ದು.

6. ಸಂದೇಶ ಪೆಟ್ಟಿಗೆಗಳು

6.1 ವೈಯಕ್ತಿಕ ಪೆಟ್ಟಿಗೆ. ಪ್ರತಿ ನೌಕರರಿಗೆ ಬಳಕೆದಾರ ಗುರುತು, ಎಕ್ಸ್‌ಟೆನ್ಷನ್ ಸಂಖ್ಯೆ ಮತ್ತು ಪೆಟ್ಟಿಗೆ, ಈ ಮೂರನ್ನೂ ರಚಿಸಿ ಪರಸ್ಪರ ಜೋಡಿಸಬೇಕು. ಬ್ರೌಸರ್ ಮೂಲಕ ತೆರೆಯುವ ನಿರ್ವಹಣಾ ಪುಟದಲ್ಲಿ, ಕಾಲ್ ಮ್ಯಾನೇಜರ್ ಎಕ್ಸ್‌ಪ್ರೆಸ್‌ನಲ್ಲಿ ಈಗಾಗಲೇ ಇರುವ ಬಳಕೆದಾರರನ್ನು ಒಮ್ಮೆಗೇ ತಂದುಕೊಳ್ಳುವ ಅನುಕೂಲವಿದೆ. ಪೆಟ್ಟಿಗೆಯ ಒಟ್ಟು ಅವಧಿ, ಒಂದು ಸಂದೇಶದ ಗರಿಷ್ಠ ಅವಧಿ ಮತ್ತು ಸಂದೇಶವನ್ನು ಇಟ್ಟುಕೊಳ್ಳುವ ದಿನಗಳು, ಇವುಗಳನ್ನು ಕಚೇರಿಯ ಅಗತ್ಯಕ್ಕೆ ತಕ್ಕಂತೆ ನಿಗದಿಪಡಿಸಬೇಕು. ಪೆಟ್ಟಿಗೆ ತುಂಬಿದ ಮೇಲೆ ಹೊಸ ಸಂದೇಶಕ್ಕೆ ಅವಕಾಶವಿರುವುದಿಲ್ಲ.

6.2 ಸಾಮಾನ್ಯ ಪೆಟ್ಟಿಗೆ. ಮಾರಾಟ ಶಾಖೆ, ದೂರು ವಿಭಾಗ, ಹೊರರೋಗಿ ವಿಭಾಗ ಮುಂತಾದ ಕಡೆ ಕರೆ ಬರುವುದು ವ್ಯಕ್ತಿಗಲ್ಲ, ವಿಭಾಗಕ್ಕೆ. ಇದಕ್ಕಾಗಿ ಗುಂಪನ್ನು ರಚಿಸಿ, ಆ ಗುಂಪಿಗೆ ಸಾಮಾನ್ಯ ಪೆಟ್ಟಿಗೆಯನ್ನು ಕೊಡಬಹುದು. ಗುಂಪಿನ ಸದಸ್ಯರು ತಮ್ಮ ಸ್ವಂತ ಪೆಟ್ಟಿಗೆಯ ಮೂಲಕ ಇದನ್ನು ಪ್ರವೇಶಿಸುತ್ತಾರೆ. ಒಂದು ಸಮಯದಲ್ಲಿ ಒಬ್ಬ ಸದಸ್ಯರು ಮಾತ್ರ ತೆರೆಯಲು ಸಾಧ್ಯ.

ಸಾಮಾನ್ಯ ಪೆಟ್ಟಿಗೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಎಲ್ಲರಿಗೂ ಸೇರಿದ ಕೆಲಸ ಯಾರಿಗೂ ಸೇರದೆ ಉಳಿಯುವುದುಂಟು. ಪ್ರತಿಯೊಂದು ಸಾಮಾನ್ಯ ಪೆಟ್ಟಿಗೆಗೂ ಒಬ್ಬ ಹೊಣೆಗಾರರನ್ನೂ, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಬದಲಿ ನೌಕರರನ್ನೂ ಲಿಖಿತ ಆದೇಶದ ಮೂಲಕ ನೇಮಿಸತಕ್ಕದ್ದು. ಕೇಳಿದ ಸಂದೇಶದ ದಿನಾಂಕ, ಸಾರಾಂಶ ಮತ್ತು ಕೈಗೊಂಡ ಕ್ರಮವನ್ನು ವಹಿಯಲ್ಲಿ ದಾಖಲಿಸುವುದು ಉತ್ತಮ ಪದ್ಧತಿ.

6.3 ನಿವೃತ್ತಿ ಮತ್ತು ವರ್ಗಾವಣೆ. ನೌಕರರು ಹುದ್ದೆ ಬಿಟ್ಟ ದಿನವೇ ಅವರ ಪಿನ್ ಬದಲಿಸಿ, ಬಾಕಿ ಸಂದೇಶಗಳನ್ನು ಉತ್ತರಾಧಿಕಾರಿಗೆ ಒಪ್ಪಿಸಿ, ಅನಂತರ ಪೆಟ್ಟಿಗೆಯನ್ನು ಅಳಿಸಬೇಕು. ಪೆಟ್ಟಿಗೆಯನ್ನು ಅಳಿಸಿದಾಗ ಅದರೊಳಗಿನ ಸಂದೇಶಗಳೂ ಅಳಿಯುತ್ತವೆ. ಅಳಿಸದೆ ಹಾಗೆಯೇ ಬಿಟ್ಟರೆ, ಯಾರೂ ಕೇಳದ ಪೆಟ್ಟಿಗೆಯಲ್ಲಿ ಸಾರ್ವಜನಿಕರ ಸಂದೇಶಗಳು ಕೂಡಿಕೊಳ್ಳುತ್ತಾ ಹೋಗುತ್ತವೆ.

7. ಸ್ವಯಂಚಾಲಿತ ಸ್ವಾಗತ ಮತ್ತು ಕನ್ನಡ

ಕರೆ ಮಾಡಿದವರನ್ನು ಸ್ವಾಗತಿಸಿ, ಇಂತಹ ವಿಭಾಗಕ್ಕೆ ಇಂತಹ ಅಂಕಿ ಒತ್ತಿರಿ ಎಂದು ತಿಳಿಸುವ ಸೌಲಭ್ಯವೇ ಸ್ವಯಂಚಾಲಿತ ಸ್ವಾಗತ. ಕೆಲಸದ ವೇಳೆ, ಕೆಲಸದ ನಂತರದ ವೇಳೆ ಮತ್ತು ರಜಾದಿನಗಳಿಗೆ ಬೇರೆ ಬೇರೆ ನುಡಿಗಳನ್ನು ಕೇಳಿಸಬಹುದು. ರಜಾದಿನಗಳ ಪಟ್ಟಿಯನ್ನು ಪ್ರತಿವರ್ಷವೂ ಹೊಸದಾಗಿ ನಮೂದಿಸಬೇಕು.

ವ್ಯವಸ್ಥೆಯ ಸಿದ್ಧ ಸೂಚನೆಗಳು ಯಾವ ಭಾಷೆಯಲ್ಲಿದ್ದರೂ, ಸಂಸ್ಥೆಯ ಸ್ವಾಗತ ನುಡಿ, ಆಯ್ಕೆಗಳ ಪಟ್ಟಿ ಮತ್ತು ನೌಕರರ ವೈಯಕ್ತಿಕ ನುಡಿಗಳನ್ನು ಕನ್ನಡದಲ್ಲಿ ಮುದ್ರಿಸಿಡಲು ಯಾವ ಅಡ್ಡಿಯೂ ಇಲ್ಲ. ಅಧಿಕಾರ ಪಡೆದ ನೌಕರರು ನಿಗದಿತ ಸಂಖ್ಯೆಗೆ ದೂರವಾಣಿ ಮಾಡಿ ನೇರವಾಗಿ ಮುದ್ರಿಸಬಹುದು. ಗಣಕದಲ್ಲಿ ಸಿದ್ಧಪಡಿಸಿದ ಕಡತವಾದರೆ ಅದು ವೇವ್ ಮಾದರಿಯಲ್ಲಿ, 8 ಕಿಲೋಹರ್ಟ್ಸ್, 8 ಬಿಟ್, ಏಕವಾಹಿನಿ ಮತ್ತು ಮ್ಯೂ ಲಾ ಸಂಕೇತದಲ್ಲಿರಬೇಕು.

ಕರೆ ಮಾಡುವವರಿಗೆ ಸುಲಭವಾಗಿ ತಿಳಿಯುವ ಒಂದು ಮಾದರಿ ಹೀಗಿರಬಹುದು: "ನಮಸ್ಕಾರ. ಈ ವೇಳೆಯಲ್ಲಿ ಕಚೇರಿ ಮುಚ್ಚಿದೆ. ಸದ್ದು ಕೇಳಿದ ನಂತರ ತಮ್ಮ ಹೆಸರು, ಊರು, ದೂರವಾಣಿ ಸಂಖ್ಯೆ ಮತ್ತು ವಿಷಯವನ್ನು ನಿಧಾನವಾಗಿ ತಿಳಿಸಿರಿ. ಮುಂದಿನ ಕೆಲಸದ ದಿನ ಮಧ್ಯಾಹ್ನದೊಳಗೆ ಉತ್ತರಿಸಲಾಗುವುದು." ಉತ್ತರಿಸುವ ಗಡುವನ್ನು ಹೇಳುವ ಮೊದಲು ಅದನ್ನು ಪಾಲಿಸಲು ಸಾಧ್ಯವೇ ಎಂದು ವಿಚಾರ ಮಾಡಬೇಕು. ಆಸ್ಪತ್ರೆಯಂತಹ ಕಡೆ ತುರ್ತು ಸಂದರ್ಭಕ್ಕೆ ಬೇರೆ ಸಂಖ್ಯೆಯನ್ನು ನುಡಿಯ ಆರಂಭದಲ್ಲಿಯೇ ತಿಳಿಸತಕ್ಕದ್ದು. ತುರ್ತು ಕರೆಯು ಸಂದೇಶ ಪೆಟ್ಟಿಗೆಯಲ್ಲಿ ಕೊನೆಗೊಳ್ಳಬಾರದು.

8. ಭದ್ರತೆ

8.1 ಪಿನ್. ಹೊಸ ಬಳಕೆದಾರರನ್ನು ಸೇರಿಸುವಾಗ ಪಿನ್ ಖಾಲಿ ಬಿಡುವ ಅಥವಾ ವ್ಯವಸ್ಥೆಯೇ ರಚಿಸಿದ ಪಿನ್ ಕೊಡುವ ಆಯ್ಕೆಗಳಿವೆ. ಖಾಲಿ ಬಿಟ್ಟರೆ ಮೊದಲು ಪ್ರವೇಶಿಸಿದವರು, ಅವರು ಯಾರೇ ಆಗಿರಲಿ, ಪೆಟ್ಟಿಗೆಯ ಒಡೆಯರಾಗುತ್ತಾರೆ. ಆದುದರಿಂದ ಎರಡನೆಯ ಆಯ್ಕೆಯನ್ನೇ ಬಳಸಬೇಕು. ಎಕ್ಸ್‌ಟೆನ್ಷನ್ ಸಂಖ್ಯೆಯನ್ನೇ ಪಿನ್ ಆಗಿಸುವುದು, 1234 ಅಥವಾ 0000 ಇಡುವುದು ಸಲ್ಲದು. ಕನಿಷ್ಠ 6 ಅಂಕಿಗಳು, ನಿಗದಿತ ದಿನಗಳ ನಂತರ ಬದಲಾವಣೆ, ಹಳೆಯ ಪಿನ್ ಮರುಬಳಕೆಗೆ ನಿಷೇಧ ಮತ್ತು ಹಲವು ತಪ್ಪು ಪ್ರಯತ್ನಗಳ ನಂತರ ಬೀಗ, ಈ ನಾಲ್ಕನ್ನೂ ನಿಯಮವಾಗಿ ನಮೂದಿಸುವುದು ಸೂಕ್ತ.

ಇದು ಕೇವಲ ಔಪಚಾರಿಕ ಎಚ್ಚರಿಕೆಯಲ್ಲ. ಬ್ರಿಟನ್ನಿನಲ್ಲಿ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯ ವರದಿಗಾರರೊಬ್ಬರು ಮತ್ತು ಅದು ನೇಮಿಸಿಕೊಂಡಿದ್ದ ಖಾಸಗಿ ಪತ್ತೇದಾರರೊಬ್ಬರು ರಾಜಮನೆತನದ ಸಿಬ್ಬಂದಿಯ ಮೊಬೈಲ್ ವಾಯ್ಸ್‌ಮೇಲ್‌ಗಳನ್ನು ಕದ್ದು ಕೇಳಿದ್ದಕ್ಕಾಗಿ 2007ರ ಜನವರಿಯಲ್ಲಿ ಸೆರೆವಾಸಕ್ಕೆ ಗುರಿಯಾದರು. ಅನಂತರ ಇಂತಹ ಕೃತ್ಯಗಳ ವ್ಯಾಪ್ತಿ ಬಯಲಾಗಿ, 2011ರ ಜುಲೈನಲ್ಲಿ ಆ ಪತ್ರಿಕೆಯೇ ಮುಚ್ಚಿಹೋಯಿತು. ಬದಲಿಸದೆ ಉಳಿದ ಮೂಲ ಪಿನ್‌ಗಳು ಇಂತಹ ಕೃತ್ಯಗಳಿಗೆ ದಾರಿ ಮಾಡಿಕೊಟ್ಟಿದ್ದವು.

8.2 ಕರೆ ವಂಚನೆ. ವಾಯ್ಸ್‌ಮೇಲ್ ಅಥವಾ ಸ್ವಯಂಚಾಲಿತ ಸ್ವಾಗತದ ಮೂಲಕ ಒಳಬಂದು, ಅಲ್ಲಿಂದ ಹೊರದೇಶಗಳಿಗೆ ಕರೆ ಮಾಡಿ ಕಚೇರಿಯ ಮೇಲೆ ಶುಲ್ಕ ಹೊರಿಸುವ ವಂಚನೆ ಹಳೆಯದು. ಇದು ಹೆಚ್ಚಾಗಿ ರಾತ್ರಿ ಮತ್ತು ರಜಾದಿನಗಳಲ್ಲಿ ನಡೆಯುತ್ತದೆ. ಬಿಲ್ ಬಂದಾಗ ಮಾತ್ರ ತಿಳಿಯುತ್ತದೆ. ತಡೆಯುವ ಕ್ರಮಗಳು ಹೀಗಿವೆ:

(ಅ) ಸ್ವಯಂಚಾಲಿತ ಸ್ವಾಗತದಿಂದ ಹೊರಗಿನ ಸಂಖ್ಯೆಗಳಿಗೆ ವರ್ಗಾಯಿಸುವ ಸೌಲಭ್ಯವನ್ನು ನಿಷ್ಕ್ರಿಯವಾಗಿಯೇ ಇಡುವುದು.
(ಆ) ಹೊಸ ಸಂದೇಶದ ಸೂಚನೆಯನ್ನು ಹೊರಗಿನ ಸಂಖ್ಯೆಗೆ ಕಳುಹಿಸುವುದಿದ್ದಲ್ಲಿ, ಅನುಮತಿ ಇರುವ ಸಂಖ್ಯೆಗಳ ನಿರ್ಬಂಧ ಪಟ್ಟಿಯನ್ನು ರಚಿಸುವುದು.
(ಇ) ಎಕ್ಸ್‌ಟೆನ್ಷನ್‌ನಿಂದ ತಿರುಗಿಸಬಹುದಾದ ಸಂಖ್ಯೆಯ ಗರಿಷ್ಠ ಉದ್ದವನ್ನು ಒಳಸಂಖ್ಯೆಗಳ ಉದ್ದಕ್ಕೆ ಮಿತಗೊಳಿಸುವುದು.
(ಈ) ಅಂತರರಾಷ್ಟ್ರೀಯ ಕರೆ ಬೇಕಾದ ದೂರವಾಣಿಗಳಿಗೆ ಮಾತ್ರ ಆ ಅನುಮತಿ ನೀಡುವುದು.
(ಉ) ಅಪರಿಚಿತ ಐಪಿ ವಿಳಾಸಗಳಿಂದ ಬರುವ ಧ್ವನಿ ಕರೆಗಳನ್ನು ರೂಟರ್ ತಿರಸ್ಕರಿಸುವಂತೆ ವಿಶ್ವಾಸಾರ್ಹ ವಿಳಾಸಗಳ ಪಟ್ಟಿಯನ್ನು ಇಡುವುದು.

ಸಾರ್ವಜನಿಕ ದೂರವಾಣಿ ಜಾಲ ಮತ್ತು ಖಾಸಗಿ ಐಪಿ ಜಾಲಗಳ ಜೋಡಣೆಯು ಭಾರತದಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ನಿಯಮಗಳಿಗೆ ಒಳಪಟ್ಟಿದೆ. ಶಾಖೆಗಳ ನಡುವೆ ಕರೆ ಸಾಗಿಸುವ ವ್ಯವಸ್ಥೆ ಮಾಡುವ ಮೊದಲು ಸೇವಾದಾರರಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಕ್ಷೇಮ.

8.3 ದಾಖಲೆ ಮತ್ತು ಸಮಯ. ಭಾರತೀಯ ಗಣಕ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ ದಿನಾಂಕ 28-4-2022ರಂದು ಹೊರಡಿಸಿದ ನಿರ್ದೇಶನಗಳು ಸರ್ಕಾರಿ ಸಂಸ್ಥೆಗಳಿಗೂ ಕಂಪನಿಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಅಥವಾ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು. ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಮಾಡ್ಯೂಲ್‌ನೊಳಗಿನ ಜಾಗ ಸೀಮಿತವಾದುದರಿಂದ ದಾಖಲೆಗಳನ್ನು ಹೊರಗಿನ ಲಾಗ್ ಸರ್ವರ್‌ಗೆ ಕಳುಹಿಸುವಂತೆ ಏರ್ಪಡಿಸಬೇಕು.

8.4 ಗೋಪ್ಯತೆ. ಸಂದೇಶದಲ್ಲಿ ಹೆಸರು, ವಿಳಾಸ, ಕಾಯಿಲೆಯ ವಿವರ, ಹಣಕಾಸಿನ ಸಂಗತಿ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಹಿನ್ನೆಲೆಯಲ್ಲಿ, ಅಗತ್ಯ ಮೀರಿ ಸಂದೇಶಗಳನ್ನು ಇಟ್ಟುಕೊಳ್ಳದಿರುವುದು ಮತ್ತು ಬ್ಯಾಕಪ್ ಪ್ರತಿಗಳಿಗೂ ಅಷ್ಟೇ ರಕ್ಷಣೆ ಒದಗಿಸುವುದು ಉಚಿತ. ಸಾರ್ವಜನಿಕ ಪ್ರಾಧಿಕಾರಗಳು ಮತ್ತೊಂದು ಅಂಶವನ್ನೂ ಗಮನಿಸಬೇಕು: 2005ರ ಮಾಹಿತಿ ಹಕ್ಕು ಅಧಿನಿಯಮದ 2(ಎಫ್) ಪ್ರಕರಣದಲ್ಲಿ ವಿದ್ಯುನ್ಮಾನ ರೂಪದಲ್ಲಿರುವ ದತ್ತಾಂಶವೂ ಮಾಹಿತಿ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ. ಆದುದರಿಂದ ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು ಎಂಬುದು ನಿರ್ವಾಹಕರ ಇಚ್ಛೆಗೆ ಬಿಟ್ಟ ವಿಷಯವಾಗಿರದೆ ಕಚೇರಿಯ ಲಿಖಿತ ನಿಯಮವಾಗಿರಬೇಕು.

9. ಬ್ಯಾಕಪ್ ಮತ್ತು ಸ್ಥಗಿತಗೊಳಿಸುವಿಕೆ

ಬ್ಯಾಕಪ್ ಪ್ರತಿಯನ್ನು ಎಫ್‌ಟಿಪಿ ಸರ್ವರ್ ಒಂದಕ್ಕೆ ಕಳುಹಿಸಲಾಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದಕ್ಕಾಗಿ ಮಾಡ್ಯೂಲನ್ನು ಆಫ್‌ಲೈನ್ ಸ್ಥಿತಿಗೆ ತರಬೇಕು. ಆ ಸ್ಥಿತಿಯಲ್ಲಿ ನಡೆಯುತ್ತಿರುವ ಕರೆಗಳು ಕಡಿದುಹೋಗುತ್ತವೆ, ಹೊಸ ಕರೆಗಳನ್ನು ಸ್ವೀಕರಿಸಲಾಗುವುದಿಲ್ಲ. ಆದುದರಿಂದ ಕರೆಗಳು ಕಡಿಮೆ ಇರುವ ರಾತ್ರಿಯ ವೇಳೆಯನ್ನು ಆರಿಸಬೇಕು. ಮುಗಿದ ಕೂಡಲೇ ಮತ್ತೆ ಸೇವೆಗೆ ತರುವುದನ್ನು ಮರೆಯಬಾರದು. ಬ್ಯಾಕಪ್‌ನಲ್ಲಿ ಸಂರಚನೆ ಮತ್ತು ದತ್ತಾಂಶ ಎಂಬ ಎರಡು ವಿಭಾಗಗಳಿವೆ. ಸಂದೇಶಗಳಿರುವುದು ದತ್ತಾಂಶದಲ್ಲಿ. ಸಂರಚನೆಯನ್ನು ಮಾತ್ರ ಉಳಿಸಿದ ಕಚೇರಿಗೆ ಪುನಃಸ್ಥಾಪನೆಯ ನಂತರ ಒಂದು ಸಂದೇಶವೂ ದೊರೆಯದೆ ಹೋಗಬಹುದು. ಎರಡನ್ನೂ ಒಟ್ಟಿಗೆ ಉಳಿಸಬೇಕು.

ಬ್ಯಾಕಪ್ ತೆಗೆದರಷ್ಟೇ ಸಾಲದು. ವರ್ಷಕ್ಕೊಮ್ಮೆಯಾದರೂ ಅದೇ ಮಾದರಿಯ ಬೇರೊಂದು ಮಾಡ್ಯೂಲ್ ಮೇಲೆ ಪುನಃಸ್ಥಾಪಿಸಿ, ಸಂದೇಶ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು.

ರೂಟರ್‌ನ ವಿದ್ಯುತ್ತನ್ನು ತೆಗೆಯುವ ಮೊದಲು ಮಾಡ್ಯೂಲ್‌ಗೆ ಶಟ್‌ಡೌನ್ ಆದೇಶ ನೀಡಿ, ಅದು ಪೂರ್ಣವಾಗಿ ನಿಂತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಏಕಾಏಕಿ ವಿದ್ಯುತ್ ತೆಗೆದರೆ ಕಡತ ವ್ಯವಸ್ಥೆ ಕೆಡುವ ಸಂಭವವಿದೆ. ರೂಟರ್ ಇರುವ ಕೊಠಡಿಯ ಸ್ವಚ್ಛತಾ ಮತ್ತು ವಿದ್ಯುತ್ ಸಿಬ್ಬಂದಿಗೂ ಈ ಸೂಚನೆಯನ್ನು ಕನ್ನಡದಲ್ಲಿ ಬರೆದು, ಉಪಕರಣದ ಬಳಿ ಅಂಟಿಸುವುದು ಉಪಯುಕ್ತ.

10. ಸಾಮಾನ್ಯ ದೋಷಗಳು ಮತ್ತು ಪರಿಹಾರ

ದೋಷ: ಕರೆ ಮಾಡಿದವರಿಗೆ ಸ್ವಾಗತ ನುಡಿಯ ಬದಲು ಪಿನ್ ಅಥವಾ ಗುರುತು ಕೇಳುವ ಧ್ವನಿ ಬರುತ್ತದೆ.
ಪರಿಹಾರ: ಮೂಲ ಸಂಖ್ಯೆಯು ಯಾವ ಪೆಟ್ಟಿಗೆಗೂ ಹೊಂದಿಕೆಯಾಗುತ್ತಿಲ್ಲ. ಎಕ್ಸ್‌ಟೆನ್ಷನ್ ಸಂಖ್ಯೆ ಬಳಕೆದಾರರ ವಿವರದಲ್ಲಿ ಸರಿಯಾಗಿದೆಯೇ, ಸಂಖ್ಯೆಗೆ ಹೆಚ್ಚುವರಿ ಅಂಕಿಗಳು ಸೇರುತ್ತಿವೆಯೇ ನೋಡಬೇಕು.

ದೋಷ: ಕರೆ ತಲುಪುತ್ತದೆ, ಆದರೆ ಅಂಕಿ ಒತ್ತಿದರೆ ಪ್ರತಿಕ್ರಿಯೆ ಇಲ್ಲ.
ಪರಿಹಾರ: ಡಯಲ್ ಪೀರ್‌ನಲ್ಲಿ ಅಂಕಿ ಸಾಗಿಸುವ ವಿಧಾನವನ್ನು ಪರಿಶೀಲಿಸಬೇಕು.

ದೋಷ: ವಾಯ್ಸ್‌ಮೇಲ್‌ಗೆ ತಿರುಗಿದ ಕೂಡಲೇ ಕರೆ ತುಂಡಾಗುತ್ತದೆ.
ಪರಿಹಾರ: ಧ್ವನಿ ಸಂಕೇತ ಹೊಂದಿಕೆಯಾಗುತ್ತಿಲ್ಲ, ಅಥವಾ ಎಲ್ಲ ಮಾರ್ಗಗಳೂ ಬಳಕೆಯಲ್ಲಿವೆ. ಜಿ.711 ಮ್ಯೂ ಲಾ ಮತ್ತು ಪರಿವರ್ತಕವನ್ನು ಪರಿಶೀಲಿಸಬೇಕು.

ದೋಷ: ಸಂದೇಶ ಕೇಳಿದ ಮೇಲೂ ದೀಪ ಆರುವುದಿಲ್ಲ, ಅಥವಾ ಸಂದೇಶವಿದ್ದರೂ ಬೆಳಗುವುದಿಲ್ಲ.
ಪರಿಹಾರ: ದೀಪದ ಎರಡೂ ಸಂಖ್ಯೆಗಳನ್ನೂ ಚುಕ್ಕಿಗಳನ್ನೂ ಪರಿಶೀಲಿಸಿ, ಎಲ್ಲ ದೂರವಾಣಿಗಳ ದೀಪ ಸ್ಥಿತಿಯನ್ನು ನವೀಕರಿಸುವ ಆದೇಶ ನೀಡಬೇಕು.

ದೋಷ: ಬಳಕೆದಾರರ ಪೆಟ್ಟಿಗೆ ತೆರೆಯುವುದಿಲ್ಲ.
ಪರಿಹಾರ: ಪಿನ್ ಬೀಗ ಬಿದ್ದಿರಬಹುದು, ಅಥವಾ ಬೇರೊಂದು ಕರೆಯಲ್ಲಿ ಪೆಟ್ಟಿಗೆ ತೆರೆದೇ ಉಳಿದಿರಬಹುದು. ಬೀಗ ತೆರೆಯುವ ಮೊದಲು ತಪ್ಪು ಪ್ರಯತ್ನ ಮಾಡಿದವರು ಬಳಕೆದಾರರೇ ಎಂದು ವಿಚಾರಿಸಬೇಕು.

11. ಹಳೆಯ ಉಪಕರಣಗಳ ಬಗ್ಗೆ

ಈ ವ್ಯವಸ್ಥೆ ಮೊದಲಿಗೆ ವ್ಯಾಪಕವಾಗಿ ಬಳಕೆಯಾದ 2800 ಮತ್ತು 3800 ಸರಣಿಯ ರೂಟರ್‌ಗಳಿಗೆ ತಯಾರಕರ ಬೆಂಬಲ 2016ರಲ್ಲಿ ಕೊನೆಗೊಂಡಿತು. ಅವುಗಳ ಮುಂದಿನ ತಲೆಮಾರಾದ 2900 ಮತ್ತು 3900 ಸರಣಿಗಳ ಬೆಂಬಲ 2022ರ ಡಿಸೆಂಬರ್‌ನಲ್ಲಿ ಮುಗಿಯಿತು. ಇವು ಇಂದಿಗೂ ಕೆಲಸ ಮಾಡುತ್ತಿರಬಹುದು. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತಿದ್ದುಪಡಿ ದೊರೆಯುವುದಿಲ್ಲ, ಕೆಟ್ಟ ಮಾಡ್ಯೂಲ್‌ಗೆ ಬದಲಿ ಸಿಗುವ ಖಾತರಿಯೂ ಇಲ್ಲ. ಇಂತಹ ಉಪಕರಣಗಳನ್ನು ಇನ್ನೂ ಬಳಸುತ್ತಿರುವ ಕಚೇರಿಗಳು ಅವುಗಳನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡದೆ, ಬದಲಾವಣೆಯ ಯೋಜನೆಯನ್ನು ಕೂಡಲೇ ಸಿದ್ಧಪಡಿಸಬೇಕು.

ಬದಲಿ ವ್ಯವಸ್ಥೆಯಾಗಿ ಸರ್ವರ್ ಆಧಾರಿತ ವಾಯ್ಸ್‌ಮೇಲ್, ಸೇವಾದಾರರೇ ಒದಗಿಸುವ ಸೌಲಭ್ಯ, ಅಥವಾ 1999ರಲ್ಲಿ ಮಾರ್ಕ್ ಸ್ಪೆನ್ಸರ್ ಅವರು ಆರಂಭಿಸಿದ ಆಸ್ಟರಿಸ್ಕ್‌ನಂತಹ ಮುಕ್ತ ತಂತ್ರಾಂಶವನ್ನು ಪರಿಶೀಲಿಸಬಹುದು. ಯಾವುದನ್ನು ಆರಿಸಿದರೂ ಸಂಖ್ಯಾ ಯೋಜನೆ, ಪಿನ್ ನಿಯಮ, ಸಾಮಾನ್ಯ ಪೆಟ್ಟಿಗೆಯ ಹೊಣೆಗಾರಿಕೆ ಮತ್ತು ಬ್ಯಾಕಪ್ ಕುರಿತು ಮೇಲೆ ಹೇಳಿದ ತತ್ವಗಳು ಬದಲಾಗುವುದಿಲ್ಲ. ಹಳೆಯ ಮಾಡ್ಯೂಲನ್ನು ವಿಲೇವಾರಿ ಮಾಡುವ ಮೊದಲು ಅದರ ಸಂಗ್ರಹ ಸಾಧನದಲ್ಲಿರುವ ಸಂದೇಶಗಳನ್ನು ಮರಳಿ ಪಡೆಯಲಾಗದಂತೆ ಅಳಿಸತಕ್ಕದ್ದು.

12. ನಿರ್ವಾಹಕರ ಕಾಲಬದ್ಧ ಕರ್ತವ್ಯಗಳು

ಪ್ರತಿದಿನ: ಹೊರಗಿನ ದೂರವಾಣಿಯಿಂದ ಪರೀಕ್ಷಾ ಪೆಟ್ಟಿಗೆಗೆ ಕರೆ ಮಾಡಿ ಸಂದೇಶ ಬಿಟ್ಟು, ದೀಪ ಬೆಳಗಿದೆಯೇ, ಸಂದೇಶ ಸ್ಪಷ್ಟವಾಗಿದೆಯೇ, ವೇಳೆ ಸರಿಯಾಗಿದೆಯೇ ಎಂದು ನೋಡುವುದು.

ಪ್ರತಿವಾರ: ತುಂಬುತ್ತಿರುವ ಪೆಟ್ಟಿಗೆಗಳ ಪಟ್ಟಿ ಪಡೆದು ಸಂಬಂಧಪಟ್ಟವರಿಗೆ ತಿಳಿಸುವುದು, ಕೇಳದೆ ಉಳಿದ ಸಂದೇಶಗಳಿರುವ ಸಾಮಾನ್ಯ ಪೆಟ್ಟಿಗೆಗಳನ್ನು ಮೇಲಧಿಕಾರಿಯ ಗಮನಕ್ಕೆ ತರುವುದು, ಬ್ಯಾಕಪ್ ತೆಗೆಯುವುದು.

ಪ್ರತಿತಿಂಗಳು: ನೌಕರರ ಪಟ್ಟಿಯೊಂದಿಗೆ ಪೆಟ್ಟಿಗೆಗಳ ಪಟ್ಟಿಯನ್ನು ತಾಳೆ ನೋಡುವುದು, ದೂರವಾಣಿ ಬಿಲ್‌ನಲ್ಲಿ ರಾತ್ರಿ ಮತ್ತು ರಜಾದಿನಗಳ ಹೊರಕರೆಗಳನ್ನು ಪರಿಶೀಲಿಸುವುದು, ವಿಫಲ ಪ್ರವೇಶ ಪ್ರಯತ್ನಗಳ ದಾಖಲೆಯನ್ನು ನೋಡುವುದು.

ಪ್ರತಿವರ್ಷ: ರಜಾದಿನಗಳ ಪಟ್ಟಿ ಮತ್ತು ಸ್ವಾಗತ ನುಡಿಗಳನ್ನು ನವೀಕರಿಸುವುದು, ಬ್ಯಾಕಪ್‌ನ ಪುನಃಸ್ಥಾಪನೆಯನ್ನು ಪರೀಕ್ಷಿಸುವುದು, ಉಪಕರಣಕ್ಕೆ ತಯಾರಕರ ಬೆಂಬಲ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು.

ಇವುಗಳಲ್ಲಿ ದಿನನಿತ್ಯದ ಪರೀಕ್ಷಾ ಕರೆಗೆ ಬೇಕಾಗುವ ಸಮಯ ಎರಡು ನಿಮಿಷಕ್ಕಿಂತ ಹೆಚ್ಚಲ್ಲ. ಕರೆ ಮಾಡಿದ ಸಾರ್ವಜನಿಕರು ತಮ್ಮ ಸಂದೇಶ ತಲುಪಿತೇ ಎಂದು ಪರೀಕ್ಷಿಸಲಾರರು. ಅವರ ಪರವಾಗಿ ಆ ಪರೀಕ್ಷೆಯನ್ನು ಮಾಡಬಲ್ಲವರು ನಿರ್ವಾಹಕರು ಮಾತ್ರ.